ಕೈಗೆ ಬಂದ ನಡುಕ

ನನ್ನ ಎಡಗಾಲಿನ ಚಪ್ಪಲಿ ಅಥಣಿಯ ಬಸ್ ನಿಲ್ದಾಣದಲ್ಲಿ ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ ನಡೆದುಹೋಗಿದ್ದೆ. ಹಿಂದಿನಿಂದ ಶೇಂಗಾ ಮಾರುವ ಹೆಣ್ಣುಮಗಳೊಬ್ಬಳು, ‘ಯಪ್ಪಾ, ಒಂದ ಚಪ್ಲಿ ಇಲ್ಲೇ ಬಿಟ್ಟ ಹೊಂಟೀರಲ್ರೀ!’ ಎಂದು ಕೂಗಿದಳು. ತಿರುಗಿ ನೋಡಿದರೆ ಚಪ್ಪಲಿ ಬಿಸಿಲಿನಲ್ಲಿ ಒಂಟಿಯಾಗಿ ಕೂತಿತ್ತು. ನಿಂತವರು ನಕ್ಕರು, ನಾನೂ ನಕ್ಕೆ. ಸುತ್ತಲಿನ ಸೀಮೆಗೆಲ್ಲ ಚಪ್ಪಲಿ ಮಾಡಿಕೊಡುವ ಊರಿನಲ್ಲಿ ಚಪ್ಪಲಿ ಬಿಟ್ಟು ನಡೆದವನನ್ನು ಕಂಡು ನಗದೆ ಜನ ಇನ್ನೇನು ಮಾಡಿಯಾರು? ಆದರೆ ರಾಯಬಾಗದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ನಗು ಇಳಿಯಿತು. ಅದು ಏಪ್ರಿಲ್ ತಿಂಗಳ ಮಧ್ಯಾಹ್ನ. ಡಾಂಬರು ಕಾದು ಮೆತ್ತಗಾಗಿತ್ತು. ಅದರ ಮೇಲೆ ಒಂದು ಕಾಲು ಬರಿದಾಗಿಯೇ ಇಪ್ಪತ್ತು ಹೆಜ್ಜೆ ಹಾಕಿದವನಿಗೆ, ಕಾಲು ಸುಡುತ್ತಿದೆ ಎಂಬುದಾದರೂ ತಿಳಿಯಬಾರದೆ?

ಮರುದಿನ ಚಿಕ್ಕೋಡಿಗೆ ಹೋಗಿ ಡಾಕ್ಟರರನ್ನು ಕಂಡೆ. ಹತ್ತು ವರ್ಷದಿಂದ ನನ್ನ ಸಕ್ಕರೆ ಕಾಯಿಲೆಯನ್ನು ನೋಡುತ್ತ ಬಂದವರು. ಅವರು ಮೇಜಿನ ಖಾನೆಯಿಂದ ಒಂದು ಶ್ರುತಿಕವೆಯನ್ನು ತೆಗೆದರು. ನನಗೆ ಹಳೆಯ ಗೆಳೆಯನನ್ನು ಕಂಡಂತಾಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಪ್ರತಿ ವರ್ಷ ‘ಶಬ್ದ’ದ ಪಾಠ ಬಂದಾಗ ಆ ಉಕ್ಕಿನ ಕವಲನ್ನು ರಬ್ಬರಿಗೆ ಬಡಿದು, ಹುಡುಗರ ಬೆರಳಿಗೆ, ತುಟಿಗೆ, ಕೊನೆಗೆ ಬಟ್ಟಲ ನೀರಿಗೆ ತಾಗಿಸಿ ತೋರಿಸುತ್ತಿದ್ದೆ. ನೀರು ಚಿಮ್ಮಿದ ಕೂಡಲೇ ಹಿಂದಿನ ಬೆಂಚಿನ ಹುಡುಗರೂ ಎದ್ದು ನಿಲ್ಲುತ್ತಿದ್ದರು.

ಡಾಕ್ಟರರು ಕವೆಯನ್ನು ಬಡಿದು ನನ್ನ ಮಣಿಕಟ್ಟಿನ ಎಲುಬಿನ ಮೇಲಿಟ್ಟರು. ಜುಮ್ಮೆಂದಿತು. ‘ಹಿಂಗ ಇರತೈತ್ರಿ. ಈಗ ಕಣ್ಣ ಮುಚ್ಚರಿ. ಕಾಲಿನ್ಯಾಗ ಈ ನಡುಕ ನಿಂತ ಕೂಡ್ಲೇ ಹೇಳ್ರಿ’ ಅಂದರು. ನಾನು ಕಣ್ಣು ಮುಚ್ಚಿ ಕಾದೆ. ಸ್ವಲ್ಪ ಹೊತ್ತಾದ ಮೇಲೆ, ‘ಶುರು ಮಾಡ್ರಿ ಡಾಕ್ಟರ’ ಅಂದೆ.

‘ಶುರು ಮಾಡಿ, ಆಗ್ಲೇ ಮುಗೀತ್ರಿ ಗುರುಗಳ’ ಅಂದರು ಅವರು, ಮೆಲ್ಲಗೆ.

ಆ ಕವೆ ಸೆಕೆಂಡಿಗೆ 128 ಸಲ ಕಂಪಿಸುವಂಥದ್ದು. ನರಗಳ ಬಲ ಅಳೆಯಲು ವೈದ್ಯರು ಅದನ್ನೇ ಆರಿಸಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ ಹಳೆಯದಾದಾಗ ಉದ್ದದ ನರಗಳು ತುದಿಯಿಂದ ಸೊರಗುತ್ತವಂತೆ. ಆದ್ದರಿಂದ ಮೊದಲು ಕಾಲಬೆರಳು, ಆಮೇಲೆ ಪಾದ, ಬಹಳ ತಡವಾಗಿ ಕೈ. ನೋವು ತಿಳಿಯುವುದು ಇನ್ನೂ ಉಳಿದಿರುವಾಗಲೇ ಎಷ್ಟೋ ಜನರಲ್ಲಿ ನಡುಕದ ಅರಿವು ಹೋಗಿಬಿಡುತ್ತದೆ. ನಮ್ಮದು ಉಗಾರದಿಂದ ಹಿಡಿದು ಹರದಾರಿಗೊಂದು ಸಕ್ಕರೆ ಕಾರ್ಖಾನೆಯಿರುವ ಸೀಮೆ. ಹೊಲದಲ್ಲಿದ್ದ ಸಕ್ಕರೆ ರಕ್ತಕ್ಕೂ ಬಂದಿದೆ ಎಂದು ತಮಾಷೆ ಮಾಡುತ್ತಿದ್ದವನು ನಾನು. ಆ ದಿನ ತಮಾಷೆ ನಾಲಗೆಗೆ ಬರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳ ಬೆರಳಿಗೆ ಮುಟ್ಟಿಸಿದ್ದು ಈಗ ನನ್ನ ಬೆರಳಿಗೇ ಮುಟ್ಟುತ್ತಿಲ್ಲ. ನಡುಕವೂ ಒಂದು ಆಸ್ತಿ, ಅದನ್ನೂ ಕಳೆದುಕೊಳ್ಳಬಹುದು ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ.

ಇಷ್ಟನ್ನು ಹಿನ್ನೆಲೆಯಾಗಿ ಹೇಳಿದ್ದೇಕೆಂದರೆ, ಮುಂದೆ ನಾನು ಬರೆಯಲಿರುವುದು ಮಕ್ಕಳ ಆಟದ ಸಾಮಾನಿನ ಬಗ್ಗೆ. ಎಪ್ಪತ್ತರ ಹತ್ತಿರ ಬಂದ ಮಾಸ್ತರನಿಗೆ ಇದೇನು ಹುಚ್ಚು ಎಂದು ಓದುಗರು ಕೇಳಬಾರದಲ್ಲ.

ಅದೇ ವರ್ಷ ದೀಪಾವಳಿಗೆ ಪುಣೆಯಿಂದ ಮಗ, ಸೊಸೆ, ಮೊಮ್ಮಗ ಬಂದರು. ಹನ್ನೆರಡರ ಮೊಮ್ಮಗ ತನ್ನ ಬಟ್ಟೆಯ ಚೀಲಕ್ಕಿಂತ ದೊಡ್ಡ ಚೀಲದಲ್ಲಿ ಒಂದು ಪ್ಲೇಸ್ಟೇಷನ್ ತಂದಿದ್ದ. ಅದನ್ನು ನಮ್ಮ ಟಿ.ವಿ.ಗೆ ಜೋಡಿಸಿ, ನರಕಚತುರ್ದಶಿಯ ಎಣ್ಣೆ ಮೈಯಲ್ಲೇ ಕಾರು ಓಡಿಸಲು ಕೂತ. ಮಧ್ಯಾಹ್ನ ಅವನ ಅಪ್ಪ ಮಲಗಿದ ಮೇಲೆ ಜೊತೆ ಇಲ್ಲದೆ ಬೇಸರವಾಗಿರಬೇಕು. ‘ಅಜ್ಜಾ, ನೀ ಒಂದ್ಸಲ ಆಡು’ ಎಂದು ಆ ಬಿಳಿಯ ಹಿಡಿಕೆಯನ್ನು ನನ್ನ ಕೈಗಿಟ್ಟ. ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಎರಡೂ ಅಂಗೈ ತುಂಬುವ, ಎರಡು ಕೊಂಬಿನ ಸಾಮಾನು. ನನ್ನ ಕಾರು ಎರಡನೆಯ ತಿರುವಿನಲ್ಲೇ ಡಾಂಬರು ಬಿಟ್ಟು ಬದಿಯ ಗರಸಿಗೆ ಇಳಿಯಿತು. ಇಳಿದ ಕೂಡಲೇ ಹಿಡಿಕೆ ನನ್ನ ಕೈಯಲ್ಲಿ ಗಡಗಡ ನಡುಗಿತು. ಬೆಚ್ಚಿಬಿದ್ದು ಅದನ್ನು ತೊಡೆಯ ಮೇಲೆ ಬಿಟ್ಟೆ.

‘ಇದ್ಯಾಕೋ ನಡಗತೈತಿ?’

‘ಅದು ವೈಬ್ರೇಷನ್ ಅಜ್ಜಾ. ಬೇಡ ಅಂದ್ರೆ ಬಂದ್ ಮಾಡ್ತೀನಿ. ಬ್ಯಾಟರಿನೂ ಉಳಿಯುತ್ತೆ.’

ಬೇಡ, ಇರಲಿ ಎಂದೆ. ಮತ್ತೆ ಹಿಡಿದೆ. ಈ ಸಲ ಟಿ.ವಿ. ನೋಡದೆ ಕೈಯ ಕಡೆಗೇ ಲಕ್ಷ್ಯ ಕೊಟ್ಟೆ. ಡಾಂಬರಿನ ಮೇಲೆ ಒಂದು ತೆಳ್ಳನೆಯ ಜುಮುಜುಮು. ರಸ್ತೆಯ ಅಂಚಿನ ಕೆಂಪು-ಬಿಳಿ ಪಟ್ಟಿ ತಾಗಿದರೆ ಟರ್‍ರೆಂಬ ಸದ್ದಿಲ್ಲದ ಸದ್ದು. ಗರಸಿನಲ್ಲಿ ಒರಟು ಕುಲುಕಾಟ. ಕಣ್ಣು ಮುಂದಿನ ತಿರುವನ್ನು ನೋಡುತ್ತಿರುವಾಗ ಕೈ ಗಾಲಿಯ ಕೆಳಗಿನ ನೆಲವನ್ನು ನೋಡುತ್ತಿತ್ತು. ಅರ್ಧ ಗಂಟೆಯಲ್ಲಿ ಮೂರು ಸುತ್ತು ಮುಗಿಸಿದೆ. ಮೊಮ್ಮಗ ನನ್ನ ಮಟ್ಟಿಗೆ ಅದು ದೊಡ್ಡದೆಂದು ಒಪ್ಪಿಕೊಂಡ.

ಆ ಸಂಜೆ ಮಗನ ಮುಖ ನೋಡಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. 1990ರ ದಶಕದಲ್ಲಿ ನಾವು ನಿಪ್ಪಾಣಿಯಲ್ಲಿದ್ದೆವು. ಊರಿಗೆಲ್ಲ ತಂಬಾಕಿನ ಘಾಟು. ಆ ಘಾಟಿನ ನಡುವೆಯೇ ಒಂದು ಓಣಿಯಲ್ಲಿ ವಿಡಿಯೋ ಗೇಮಿನ ಅಂಗಡಿಯೊಂದು ಇತ್ತು. ಬಾಗಿಲಿಗೆ ಪರದೆ, ಒಳಗೆ ಕತ್ತಲು, ಕಪಾಟಿನಂಥ ಎರಡು ಪೆಟ್ಟಿಗೆ, ನಾಣ್ಯ ಹಾಕಿದರೆ ಆಟ. ಮಗ ಟ್ಯೂಷನ್ನಿಗೆಂದು ಹೋಗಿ ಅಲ್ಲಿರುತ್ತಿದ್ದ. ಎರಡು ಸಲ ಕಿವಿ ಹಿಡಿದು ಎಳೆದು ತಂದಿದ್ದೇನೆ. ಆಮೇಲೆ ಅವನು ಹಟ ಮಾಡಿ ಮನೆಗೇ ಒಂದು ಅಗ್ಗದ ಆಟದ ಪೆಟ್ಟಿಗೆ ತರಿಸಿಕೊಂಡ. ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಯಂತ್ರದ ನಕಲುಗಳು ಆಗ ನಮ್ಮ ಸಂತೆಗಳ ತನಕ ಬಂದಿದ್ದವು. ಹಳದಿ ಬಣ್ಣದ ಕ್ಯಾಸೆಟ್ ಸಿಕ್ಕಿಸಿದರೆ ಮೀಸೆಯ ಮಾರಿಯೋ ಓಡುತ್ತಿದ್ದ. ಅದರ ಹಿಡಿಕೆ ಸಾಬೂನಿನ ತುಂಡಿನಂತೆ ಹಗುರ, ಒಳಗೆ ಏನೂ ಇಲ್ಲ, ನಡುಕವೂ ಇಲ್ಲ. ಗೋಡೆಗೆ ಬಡಿದರೂ ಬಂಡೆಯಿಂದ ಬಿದ್ದರೂ ಕೈಗೆ ಸುದ್ದಿ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಹುಡುಗರು ಕುಪ್ಪಳಿಸುವಾಗ ತಾವೇ ಹಿಡಿಕೆಯನ್ನು ಎತ್ತಿ ಕುಲುಕುತ್ತಿದ್ದರು. ಯಂತ್ರ ಕೊಡದ ನಡುಕವನ್ನು ಅವರು ಯಂತ್ರಕ್ಕೆ ಕೊಡುತ್ತಿದ್ದರು. ಆಗ ಒಂದು ದಿನವಾದರೂ ಮಗನ ಪಕ್ಕದಲ್ಲಿ ಕೂತು, ‘ಏನೈತಿ ಇದ್ರಾಗ?’ ಎಂದು ಕೇಳಲಿಲ್ಲ.

ಮೊಮ್ಮಗನ ಯಂತ್ರ ಎಬ್ಬಿಸಿದ ಪ್ರಶ್ನೆ ಹಬ್ಬ ಮುಗಿದರೂ ಬಿಡಲಿಲ್ಲ. ಈ ನಡುಕ ಯಾರಿಗೆ, ಯಾಕೆ ಹೊಳೆಯಿತು? ಹಳೆಯ ಮಾಸ್ತರಿಕೆಯ ಚಟ, ಹುಡುಕುತ್ತ ಹೋದೆ.

ತಿಳಿದು ಬಂದದ್ದರಲ್ಲಿ ಬಹಳ ಹಳೆಯದು 1976ರದು. ಜಪಾನಿನ ಸೆಗಾ ಕಂಪನಿ ‘ಮೋಟೊ-ಕ್ರಾಸ್’ ಎಂಬ ಮೋಟಾರ್ ಸೈಕಲ್ ಆಟದ ಪೆಟ್ಟಿಗೆಯನ್ನು ಮಾಡಿತು. ಅದಕ್ಕೆ ನಿಜವಾದ ಹ್ಯಾಂಡಲ್ಲೇ ಇತ್ತು. ಪರದೆಯ ಮೇಲೆ ಇನ್ನೊಂದು ಗಾಡಿಗೆ ಡಿಕ್ಕಿ ಹೊಡೆದರೆ ಹ್ಯಾಂಡಲ್ ನಡುಗುತ್ತಿತ್ತು. ಆದರೆ ಯಂತ್ರ ಮನುಷ್ಯನ ಕೈಯನ್ನು ಬೇಕೆಂದೇ ನಡುಗಿಸುವ ಉಪಾಯ ಆಟಗಾರರದಲ್ಲ, ವಿಮಾನದವರದು. ಮೊದಲಿನ ವಿಮಾನಗಳಲ್ಲಿ ರೆಕ್ಕೆಯಿಂದ ಪೈಲಟ್ಟಿನ ಕೈಯವರೆಗೆ ತಂತಿಯ ನೇರ ಸಂಬಂಧವಿತ್ತು. ವೇಗ ತೀರ ತಗ್ಗಿ ರೆಕ್ಕೆ ಗಾಳಿಯ ಹಿಡಿತ ಬಿಡುವ ಮುನ್ನ ಇಡೀ ಮೈ ಅದುರುತ್ತಿತ್ತು. ಆ ಅದುರು ಕೈಗೆ ಬಂದು ಎಚ್ಚರಿಸುತ್ತಿತ್ತು. ವಿಮಾನಗಳು ದೊಡ್ಡವಾದಂತೆ ನಡುವೆ ಎಣ್ಣೆಯ ಒತ್ತಡದ ಯಂತ್ರಗಳು ಬಂದವು. ಕೈಗೆ ಶ್ರಮ ಕಡಿಮೆಯಾಯಿತು, ಸುದ್ದಿಯೂ ಕಡಿಮೆಯಾಯಿತು. ಆಗ ಎಂಜಿನಿಯರರು ಪೈಲಟ್ ಹಿಡಿಯುವ ದಂಡಕ್ಕೆ ಒಂದು ಸಣ್ಣ ಮೋಟಾರು ಕಟ್ಟಿ, ಅಪಾಯ ಹತ್ತಿರವಾದಾಗ ದಂಡವನ್ನು ತಾವೇ ಗಡಗಡ ಅಲುಗಿಸುವ ವ್ಯವಸ್ಥೆ ಮಾಡಿದರು. ಮೊದಲು ಯಂತ್ರ ನಡುಕವನ್ನು ಕಿತ್ತುಕೊಂಡಿತು. ಆಮೇಲೆ ಅದಿಲ್ಲದೆ ಬದುಕುವುದು ಅಪಾಯವೆಂದು ಕಂಡು ಇನ್ನೊಂದು ಯಂತ್ರದಿಂದ ತಿರುಗಿ ತಂದರು.

ಒಳಗಿನ ಕರಾಮತ್ತು ಬಹಳ ಸರಳ. ಮೋಟಾರಿನ ಅಚ್ಚಿಗೆ ಒಂದು ಬದಿಗೆ ವಾಲಿದ ಭಾರ ಸಿಕ್ಕಿಸುವುದು. ಅದು ತಿರುಗಿದರೆ ಸುತ್ತಲಿನದೆಲ್ಲ ಅದುರುತ್ತದೆ. ನಮ್ಮ ಹಿಟ್ಟಿನ ಗಿರಣಿಯ ಗಾಲಿ ಒಂದು ಬದಿ ಸವೆದಾಗ ನೆಲವೆಲ್ಲ ಗುಂಯ್ ಎನ್ನುವುದಿಲ್ಲವೆ? ಗಿರಣಿಯವನು ಯಾವುದನ್ನು ದೋಷವೆಂದು ಮಿಸ್ತ್ರಿಯನ್ನು ಕರೆಸುತ್ತಾನೋ, ಅದನ್ನೇ ಇವರು ಗುಣವಾಗಿ ಮಾಡಿಕೊಂಡರು. ನಮ್ಮ ಜೇಬಿನ ಮೊಬೈಲಿನಲ್ಲಿ ಬಹಳ ಕಾಲ ಗುರುಗುಟ್ಟಿದ್ದೂ ಇದೇ ವಾಲಿದ ಭಾರ.

ಮನೆಯ ಆಟಗಳಿಗೆ ಇದು ಬಂದದ್ದು 1997ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ನಿಂಟೆಂಡೊ ಕಂಪನಿ ತನ್ನ ಹಿಡಿಕೆಯ ಹಿಂಬದಿಗೆ ಸಿಕ್ಕಿಸುವ ಒಂದು ಡಬ್ಬಿಯನ್ನು ಹೊರತಂದಿತು. ಹೆಸರು ‘ರಂಬಲ್ ಪ್ಯಾಕ್’. ನಡುಗಲು ಅದಕ್ಕೆ ಬೇರೆಯಾಗಿ ಎರಡು ಸಣ್ಣ ಸೆಲ್ ಹಾಕಬೇಕಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸೋನಿ ‘ಡ್ಯುಯಲ್‌ಶಾಕ್’ ತಂದಿತು. ಅದರಲ್ಲಿ ನಡುಕ ಹೊರಗಿನ ಡಬ್ಬಿಯಲ್ಲ, ಒಳಗೇ ಇತ್ತು: ಎಡ ಕೊಂಬಿನಲ್ಲಿ ದೊಡ್ಡ ಭಾರದ ಮೋಟಾರು, ಬಲ ಕೊಂಬಿನಲ್ಲಿ ಸಣ್ಣದು. ದೊಡ್ಡದು ಗುಡುಗಿಗೆ, ಸಣ್ಣದು ಜುಮುಜುಮುಗೆ. ಡಗ್ಗಾ ಒಂದು ಕೈಗೆ, ತಬಲಾ ಇನ್ನೊಂದು ಕೈಗೆ ಎಂದರೂ ನಡೆದೀತು.

ಇದರ ಬೆಲೆ ಏನೆಂದು ಗೊತ್ತಾದದ್ದು ಅದು ಇಲ್ಲವಾದಾಗ. ಅಮೆರಿಕದ ಇಮರ್ಷನ್ ಎಂಬ ಕಂಪನಿ, ಕೈಗೆ ನಡುಕ ಕೊಡುವ ಈ ವಿದ್ಯೆಯ ಪೇಟೆಂಟು ತನ್ನದೆಂದು 2002ರಲ್ಲಿ ಸೋನಿ ಮತ್ತು ಮೈಕ್ರೋಸಾಫ್ಟ್ ಎರಡರ ಮೇಲೂ ದಾವೆ ಹೂಡಿತು. ಮೈಕ್ರೋಸಾಫ್ಟ್ ಮರುವರ್ಷವೇ ರಾಜಿಯಾಯಿತು. ಸೋನಿ ಜಗ್ಗಲಿಲ್ಲ. 2004ರಲ್ಲಿ ಜ್ಯೂರಿ 8 ಕೋಟಿ 20 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಮೇಲ್ಮನವಿಯ ನಡುವೆಯೇ 2006ರಲ್ಲಿ ಸೋನಿಯ ಹೊಸ ಯಂತ್ರ ಬಂತು. ಅದರ ಹಿಡಿಕೆಯಲ್ಲಿ ನಡುಕವೇ ಇರಲಿಲ್ಲ. ಹಿಡಿಕೆಯ ವಾಲಾಟವನ್ನು ಅಳೆಯುವ ಹೊಸ ಗುಣಕ್ಕೆ ನಡುಕ ಅಡ್ಡ ಬರುತ್ತದೆ, ಅಲ್ಲದೆ ಅದು ಹಿಂದಿನ ತಲೆಮಾರಿನ ಸಂಗತಿ ಎಂಬರ್ಥದ ಮಾತುಗಳು ಕಂಪನಿಯ ಕಡೆಯಿಂದ ಬಂದವು. ಕೈಗೆಟುಕದ ದ್ರಾಕ್ಷಿಯ ಕಥೆ ಎಲ್ಲ ದೇಶದಲ್ಲೂ ಒಂದೇ. ಆಡುವವರು ಒಪ್ಪಲಿಲ್ಲ. ಹಿಡಿಕೆ ಹಗುರಾಗಿದೆ, ಟೊಳ್ಳಾಗಿದೆ ಎಂದು ಗೊಣಗಿದರು. 2007ರ ಮಾರ್ಚ್‌ನಲ್ಲಿ ರಾಜಿಯಾಯಿತು. ಅದೇ ನವೆಂಬರ್‌ನಲ್ಲಿ ನಡುಕವೂ ತಿರುಗಿ ಬಂತು. ಕಾಲಿನ ನಡುಕ ಕಳೆದುಕೊಂಡ ನಾನು ಈ ವ್ಯಾಜ್ಯದ ಕಥೆಯನ್ನು ಓದಿ ಸೋನಿಯವರ ಗಿರಾಕಿಗಳ ಪಕ್ಷ ವಹಿಸಿದೆ.

ಆದರೆ ಆ ಗಿರಾಕಿಗಳಿಗಿಂತ ಎಷ್ಟೋ ಮೊದಲೇ ಕೈಯ ನಡುಕದಿಂದ ಬಾಳುವೆ ಮಾಡಿದವರು ನಮ್ಮ ಮನೆಯಲ್ಲೇ ಇದ್ದರು. ನಮ್ಮ ಮುತ್ಯಾ ನೇಗಿಲ ಮೇಳಿ ಹಿಡಿದು ನಡೆಯುವಾಗ ನೆಲ ನೋಡುತ್ತಿರಲಿಲ್ಲ. ಎತ್ತುಗಳ ಕೋಡಿನ ಆಚೆಗೆ ನೋಡುತ್ತಿದ್ದ. ನೆಲದ ಸುದ್ದಿ ಮೇಳಿಯಿಂದ ಬರುತ್ತಿತ್ತು. ಹಸಿ ಎರಿಯಲ್ಲಿ ಮೇಳಿ ಸುಮ್ಮನೆ ಸಾಗುತ್ತದೆ, ಗರಸಿನಲ್ಲಿ ಕರಕರ ಎನ್ನುತ್ತದೆ, ಕಲ್ಲಿಗೆ ತಾಗುವ ಮುನ್ನ ಒಂದು ಸಣ್ಣ ಗುದ್ದು ಕೊಡುತ್ತದೆ. ಆ ಗುದ್ದಿಗೆ ಅವನ ಕೈ ಮೇಳಿಯನ್ನು ಎತ್ತಿರುತ್ತಿತ್ತು, ಬಾಯಿಂದ ‘ಹೋ’ ಅನ್ನುವುದು ಆಮೇಲೆ. ಬಿತ್ತುವಾಗ ಅವ್ವ ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಜೋಳ ಬಿಡುತ್ತಿದ್ದಳು. ಇನ್ನೊಂದು ಕೈ ಬಿದಿರಿನ ಕೊಳವೆಯ ಮೇಲಿರುತ್ತಿತ್ತು. ಕಾಳು ಇಳಿಯುವ ಸಣ್ಣ ಚಿಟಿಚಿಟಿ ಆ ಕೈಗೆ ತಿಳಿಯಬೇಕು. ಅದು ನಿಂತಿತೆಂದರೆ ಕೊಳವೆಗೆ ಮಣ್ಣು ಕಟ್ಟಿತೆಂದೇ ಲೆಕ್ಕ. ಹಾಗೆಯೇ ಸಾಗಿದರೆ ಆ ಸಾಲು ಬರಿದು. ಒಂದು ಸಾಲು ಬರಿದಾದದ್ದು ಹದಿನೈದು ದಿನದ ಮೇಲೆ ಊರಿಗೆಲ್ಲ ಕಾಣುತ್ತದೆ; ಅವ್ವನಿಗೆ ಆ ಗಳಿಗೆಯಲ್ಲೇ ಕಾಣಬೇಕಿತ್ತು. ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತವನಿಗೂ ನಡುಕಕ್ಕೆ ಬರವಿಲ್ಲ, ಆದರೆ ಅದು ಎಂಜಿನ್ನಿನ ನಡುಕ. ನೆಲದ ಮಾತು ಅದರಲ್ಲಿ ಮುಳುಗಿಹೋಗುತ್ತದೆ.

ಕಾಗವಾಡ ದಾಟಿದರೆ ಮಿರಜ. ಸಿತಾರ, ತಂಬೂರಿ ಮಾಡುವ ಮನೆತನಗಳ ಊರು. ತಂಗಿಯ ತಂಬೂರಿ ಮೊಂಡಾಗಿ ನುಡಿಯತೊಡಗಿದಾಗ ಒಮ್ಮೆ ಅದನ್ನು ಹೊತ್ತು ಅಲ್ಲಿಗೆ ಹೋಗಿದ್ದೆ. ತಂತಿ ಹಾಯುವ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಕೆರೆದು ಕೆರೆದು ನಾದಕ್ಕೆ ಆ ಝೇಂಕಾರ ತರುವುದಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. ಆ ಮುದುಕ ಒಮ್ಮೆ ಕೆರೆಯುವುದು, ತಂತಿ ಮೀಟುವುದು, ಮತ್ತೆ ಕೆರೆಯುವುದು. ಓಣಿಯಲ್ಲಿ ಟೆಂಪೋ ಹಾರ್ನ್ ಹೊಡೆಯುತ್ತಿತ್ತು, ಪಕ್ಕದಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಅವನು ಕಿವಿಯೊಂದನ್ನೇ ನಂಬಿ ಕೂತಿರಲಿಲ್ಲ. ಎಡ ಅಂಗೈಯನ್ನು ತುಂಬಿಯ ಬುರುಡೆಗೆ ಒತ್ತಿ ಹಿಡಿದಿದ್ದ. ಕೆಲಸ ಮುಗಿದಾಗ ನನ್ನ ಕೈಯನ್ನೂ ಅಲ್ಲಿ ಇಡಿಸಿದ. ಬುರುಡೆಯೊಳಗೆ ಜೇನು ಗೂಡು ಕಟ್ಟಿದಂತಿತ್ತು.

ಅಂಗೈಗೆ ಈ ಶಕ್ತಿ ಸುಮ್ಮನೆ ಬಂದದ್ದಲ್ಲ. ಬೆರಳು, ಅಂಗೈಗಳ ತೊಗಲಿನ ಆಳದಲ್ಲಿ ಉಳ್ಳಾಗಡ್ಡಿಯ ಹಾಗೆ ಪದರ ಪದರವಾದ ಸೂಕ್ಷ್ಮ ಗಂಟುಗಳಿವೆ. ಇಟಲಿಯ ಫಿಲಿಪ್ಪೊ ಪಾಚೀನಿ 1830ರ ದಶಕದಲ್ಲಿ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ, ಅವನ್ನು ಗುರುತಿಸಿದ. ಅವಕ್ಕೆ ಅವನದೇ ಹೆಸರಿದೆ. ಸೆಕೆಂಡಿಗೆ ಇನ್ನೂರು-ಮುನ್ನೂರು ಸಲದ ಕಂಪನಕ್ಕೆ ಅವು ಬಹಳ ಚುರುಕು. ಕಿವಿ ಕೇಳುವ ಸದ್ದಿನ ಕೆಳಗಿನ ತುದಿಯನ್ನು ಕೈಯೂ ಕೇಳುತ್ತದೆ ಎಂದರ್ಥ. ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲ್ಲರ್ 1924ರಲ್ಲಿ ರೇಡಿಯೋದ ಕಂಪಿಸುವ ತಗಡಿನ ಮೇಲೆ ಕೈಯಿಟ್ಟು ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ಸವಿದದ್ದು ಈ ದಾರಿಯಿಂದಲೇ. ಅದರ ಮುಂದುವರಿಕೆ ಈಗ ಆಟಗಳಲ್ಲಿದೆ. 2022ರಲ್ಲಿ ಬಂದ ‘ದ ಲಾಸ್ಟ್ ಆಫ್ ಅಸ್’ ಆಟದ ಹೊಸ ರೂಪದಲ್ಲಿ, ಪಾತ್ರಗಳು ಆಡುವ ಮಾತಿನ ಏರಿಳಿತವನ್ನು ಹಿಡಿಕೆಯ ಕಂಪನವಾಗಿ ಮಾಡಿಕೊಡುವ ಸೌಕರ್ಯವಿದೆ. ಕಿವಿ ಕೇಳದವರು ಮಾತಿನ ಅಕ್ಷರವನ್ನು ಪರದೆಯ ಮೇಲೆ ಓದುತ್ತಾರೆ, ಅದರ ಕೋಪ-ಅಳುಕುಗಳನ್ನು ಕೈಯಲ್ಲಿ ಹಿಡಿಯುತ್ತಾರೆ. ಇದನ್ನು ಓದಿದ ದಿನ, ‘ಬಂದ್ ಮಾಡಿದರೆ ಬ್ಯಾಟರಿ ಉಳಿಯುತ್ತದೆ’ ಎಂಬ ಮಾತು ಎಷ್ಟು ಅಗ್ಗವೆನಿಸಿತು.

ನಡುಕ ಸುದ್ದಿ ತರುತ್ತದೆ ಎಂಬುದನ್ನು ನಾನು ಮೊದಲು ಕಂಡದ್ದು 1967ರ ಡಿಸೆಂಬರ್ 11ರ ನಸುಕಿನಲ್ಲಿ. ನನಗಾಗ ಹತ್ತು ವರ್ಷ. ಕೊಯ್ನಾದಲ್ಲಿ ಭೂಮಿ ನಡುಗಿತು. ನಾಲ್ಕು ಗಂಟೆ ಕಳೆದು ಇಪ್ಪತ್ತು ನಿಮಿಷವಾಗಿತ್ತು ಎಂದು ಆಮೇಲೆ ಓದಿ ತಿಳಿದದ್ದು. ಅಲ್ಲಿ ಸುಮಾರು 180 ಜನ ಸತ್ತರು. ನಮ್ಮ ರಾಯಬಾಗದ ಸೀಮೆಗೂ ಅಲ್ಲಿಗೂ ನೂರೈವತ್ತು ಕಿಲೋಮೀಟರಿನಷ್ಟು ಅಂತರ. ಆದರೂ ನೆಲವಿನ ಗಡಿಗೆಗಳು ಒಂದಕ್ಕೊಂದು ಬಡಿದವು, ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಎಲ್ಲರೂ ಅಂಗಳಕ್ಕೆ ಓಡಿದೆವು. ಸದ್ದು ನಿಂತಿತು. ಅವ್ವ ಒಳಗೆ ಹೋಗಲು ಹೊರಟಳು. ಮುತ್ಯಾ ಅವಳನ್ನು ತಡೆದ. ಕಟ್ಟೆಯ ಕಲ್ಲಿನ ಮೇಲೆ ಎರಡೂ ಅಂಗೈ ಊರಿ ಬಗ್ಗಿ ನಿಂತು, ಬಹಳ ಹೊತ್ತು ಸುಮ್ಮನಿದ್ದು, ‘ಇನ್ನಾ ಐತಿ, ತಡೀರಿ’ ಅಂದ. ನಾನೂ ಅವನ ಪಕ್ಕ ನನ್ನ ಸಣ್ಣ ಕೈಗಳನ್ನು ಇಟ್ಟೆ. ಕಲ್ಲಿನೊಳಗೆ ಏನೋ ತೆವಳುತ್ತಿತ್ತು. ಆಮೇಲೆ ಅದೂ ನಿಂತಿತು. ‘ಈಗ ಹೋಗ್ರಿ’ ಅಂದ. ದಿನ ಏರಿ ಸುದ್ದಿ ಬರುವ ತನಕ ಎಲ್ಲಿ ಏನಾಗಿದೆಯೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲೋ ದೂರ ಯಾರಿಗೋ ಕೆಟ್ಟದಾಗಿದೆ ಎಂಬುದು ಮಾತ್ರ ಆ ಕಲ್ಲಿನಿಂದ ನಮ್ಮ ಕೈಗೆ ಬಂದು ಮುಟ್ಟಿತ್ತು.

ನಡುಕವೆಲ್ಲ ಒಳ್ಳೆಯದೆಂದು ವಾದಿಸುವವನಲ್ಲ ನಾನು. ಬಂಡೆ ಕೊರೆಯುವ ಯಂತ್ರ ಹಿಡಿದು ವರ್ಷಗಟ್ಟಲೆ ದುಡಿದವರ ಬೆರಳು ಬಿಳಿಚಿ ಜೋಮು ಹಿಡಿಯುತ್ತವೆ. 2002ರಲ್ಲಿ ಬ್ರಿಟನ್ನಿನ ವೈದ್ಯರು, ದಿನಕ್ಕೆ ಏಳು ಗಂಟೆಯವರೆಗೂ ನಡುಗುವ ಹಿಡಿಕೆ ಹಿಡಿದು ಆಡುತ್ತಿದ್ದ ಹದಿನೈದು ವರ್ಷದ ಹುಡುಗನ ಕೈಯಲ್ಲಿ ಅಂಥದೇ ಲಕ್ಷಣ ಕಂಡದ್ದನ್ನು ಬರೆದಿದ್ದಾರೆ. ಇನ್ನು ಎಷ್ಟೋ ಆಟಗಳು ಬಾಗಿಲು ತೆರೆದರೂ ಗುಡ್ಡ ಬಿದ್ದರೂ ಒಂದೇ ಸಮ ಗಡಗಡ ಎನ್ನುತ್ತವೆ. ಚಿಂಚಲಿ ಮಾಯಕ್ಕನ ಜಾತ್ರೆಯ ಧ್ವನಿವರ್ಧಕಗಳ ಹಾಗೆ, ಎಲ್ಲವೂ ಒಟ್ಟಿಗೆ ಕೂಗಿದರೆ ಕಳೆದುಹೋದ ಮಗುವಿನ ಹೆಸರು ಯಾರಿಗೆ ಕೇಳಿಸಬೇಕು? ಹೇಳುವ ಸುದ್ದಿ ಇದ್ದರೆ ಮಾತ್ರ ನಡುಕಕ್ಕೆ ಬೆಲೆ. ಮುತ್ಯಾನ ಮೇಳಿ ಕಾರಣವಿಲ್ಲದೆ ಒಮ್ಮೆಯೂ ಗುದ್ದಲಿಲ್ಲ.

ಮೊಮ್ಮಗ ಪುಣೆಗೆ ಹೊರಡುವ ಹಿಂದಿನ ರಾತ್ರಿ ನಡೆದದ್ದನ್ನು ಹೇಳಿ ಮುಗಿಸಬೇಕು. ಅವನ ಯಂತ್ರದ ಜೊತೆಗೇ ಬಂದ ‘ಆಸ್ಟ್ರೋಸ್ ಪ್ಲೇರೂಂ’ ಎಂಬ ಆಟವಿತ್ತು, 2020ರದು. ಅಂಗೈಯಗಲದ ಬಿಳಿ ಬೊಂಬೆಯೊಂದು ಅದರಲ್ಲಿ ತಿರುಗಾಡುತ್ತದೆ. ಈ ಹೊಸ ಹಿಡಿಕೆಯೊಳಗೆ ವಾಲಿದ ಭಾರದ ಮೋಟಾರಿಲ್ಲ. ಅದು ವೇಗ ಹಿಡಿಯಲೂ ನಿಲ್ಲಲೂ ಹೊತ್ತು ತೆಗೆದುಕೊಳ್ಳುತ್ತಿತ್ತು. ಜೋರಾಗಿ ನಡುಗಬೇಕೆಂದರೆ ಬೇಗ ತಿರುಗಲೇಬೇಕಿತ್ತು. ಈಗ ಅದರ ಜಾಗದಲ್ಲಿ ಸ್ಪೀಕರಿನೊಳಗೆ ಇರುವಂಥ ತಂತಿಯ ಸುರುಳಿ, ಅಯಸ್ಕಾಂತ. ಒಂದೇ ಒಂದು ಚಿಟುಕನ್ನೂ ಅದು ಹೊಡೆಯಬಲ್ಲದು. ಮೊಮ್ಮಗ ಟಿ.ವಿ.ಯ ಸದ್ದನ್ನೂ ಹಿಡಿಕೆಯ ಸಣ್ಣ ಸ್ಪೀಕರಿನ ಸದ್ದನ್ನೂ ಪೂರ್ತಿ ತಗ್ಗಿಸಿ, ‘ಕಣ್ಣು ಮುಚ್ಚು ಅಜ್ಜಾ. ಬೊಂಬೆನ ನಾನು ನಡೆಸ್ತೀನಿ. ಅದು ಎಲ್ಲಿದೆ ಹೇಳು’ ಅಂದ. ಹಿಡಿಕೆ ನನ್ನ ಅಂಗೈಯಲ್ಲಿ, ಅವನ ಹೆಬ್ಬೆರಳುಗಳು ಮೇಲೆ.

ಚಿಕ್ಕೋಡಿಯ ಆ ಕುರ್ಚಿ ನೆನಪಾಯಿತು. ಅಲ್ಲಿಯೂ ಕಣ್ಣು ಮುಚ್ಚಿ ಕಾದಿದ್ದೆ. ಇಲ್ಲಿ ಕಾಯಬೇಕಾಗಲಿಲ್ಲ. ಟಿಕ್ ಟಿಕ್ ಟಿಕ್ ಎಂದು ಗಟ್ಟಿಯಾದ ಪುಟ್ಟ ಹೆಜ್ಜೆಗಳು, ಒಮ್ಮೆ ಎಡ ಅಂಗೈಗೆ, ಒಮ್ಮೆ ಬಲ ಅಂಗೈಗೆ. ‘ತಗಡಿನ ಮ್ಯಾಲ’ ಅಂದೆ. ‘ಕರೆಕ್ಟ್.’ ಆಮೇಲೆ ಹೆಜ್ಜೆಯ ಅಂಚು ಕರಗಿ ಸರಸರ ಎಂದಿತು. ‘ಉಸುಕು.’ ಮತ್ತೆ ಜಾರುವ ನುಣುಪು, ನಡುವೆ ಸಣ್ಣ ಕೆರೆತ. ಅದನ್ನು ಗುರುತಿಸಲಾರದೆ ಹೋದೆ. ಬರ್ಫ ಎಂದು ಅವನೇ ಹೇಳಿದ. ಕೊನೆಗೆ ಹಿಡಿಕೆಯ ಮೇಲೆಲ್ಲ ಹನಿಹನಿಯಾಗಿ ಏನೋ ಬೀಳತೊಡಗಿತು, ಒಂದು ಇಲ್ಲಿ, ಒಂದು ಅಲ್ಲಿ. ‘ಮಳಿ’ ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಕಾಲು ಹೇಳುವುದನ್ನು ಬಿಟ್ಟ ಸುದ್ದಿಯನ್ನು, ಉಸುಕಿನ ಮೇಲೆ ನಡೆದರೆ ಹೇಗಿರುತ್ತದೆ ಎಂಬುದನ್ನು, ಆ ಬೊಂಬೆಯ ಕಾಲು ನನ್ನ ಕೈಗೆ ಹೇಳುತ್ತಿತ್ತು. ‘ಸಾಕಾ ಅಜ್ಜಾ?’ ಅಂದ. ಇನ್ನೊಂದು ಸಲ ಉಸುಕಿಗೆ ಕರಕೊಂಡು ಹೋಗು ಎಂದೆ. ಬಾಗಿಲಲ್ಲಿ ಮಗ ಬಂದು ನಿಂತಿದ್ದ. ಕಿವಿ ಹಿಡಿದು ಎಳೆಯಬಹುದಿತ್ತು. ಎಳೆಯಲಿಲ್ಲ, ಪಕ್ಕದಲ್ಲಿ ಬಂದು ಕೂತ.

ಅವರು ಹೋದ ಮೇಲಿನ ವಾರ ಅಥಣಿಗೆ ಹೋದೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ನಾಲ್ಕು ಜಿಲ್ಲೆಗಳೂ ಇವೆ, ಬೆಳಗಾವಿಯೂ ಅದರಲ್ಲಿ ಒಂದು. ಆ ಹೆಸರಿನ ಹಿಂದೆ ಅಥಣಿಯ ಕೈಗಳಿವೆ ಎಂಬುದು ಕೊಳ್ಳುವವರಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ನನಗೆ ಚಪ್ಪಲಿ ಮಾಡಿಕೊಡುವವರು ನನಗಿಂತ ಹಿರಿಯರು. ಅಟ್ಟೆಯನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತ, ನಡುನಡುವೆ ಹೆಬ್ಬೆರಳು ಒತ್ತಿ ನೋಡುತ್ತಿದ್ದರು.

‘ಕಾಕಾ, ಹಿಮ್ಮಡಕ್ಕ ಒಂದ ಬಾರ ಹಾಕಿ ಕೊಡ್ರಿ. ಬಿಚ್ಚಿ ಬಿದ್ರ ತಿಳಿಯೂದಿಲ್ಲ.’

ಯಾಕೆ ಎಂದು ಅವರು ಕೇಳಲಿಲ್ಲ. ನನ್ನಂಥವರು ಇನ್ನೂ ಬರುತ್ತಿರಬೇಕು. ಬಾರು ಹೊಲಿದು, ನನ್ನ ಕಾಲಿಗೆ ತಾವೇ ತೊಡಿಸಿ, ತಲೆ ಎತ್ತಿ ಕೇಳಿದರು:

‘ಬಿಗಿ ಆತೇನ್ರಿ ಗುರುಗಳ? ನೋಡ್ಕೋರಿ.’

ಕಾಲು ಏನೂ ಹೇಳಲಿಲ್ಲ. ಬಗ್ಗಿ, ಬಾರಿನ ಸಂದಿಯಲ್ಲಿ ಬೆರಳು ತೂರಿಸಿ, ಎರಡು ಹೆಜ್ಜೆ ಹಾಗೆಯೇ ಕುಂಟುತ್ತ ನಡೆದು ನೋಡಿದೆ. ತೊಗಲು ಬೆರಳಿಗೆ ಮೆಲ್ಲಗೆ ತಿಕ್ಕಿತು.

‘ಸರಿ ಐತಿ ಕಾಕಾ’ ಎಂದೆ.